ಫಾರ್ಮಿನಲ್ಲಿದ್ದ ಒಂದು 'ಅಲ್ಲ'

ಕೆಲವು ತಿಂಗಳ ಹಿಂದೆ ಗೆಳತಿಯ ಮದುವೆಗೆ ಸಾಕ್ಷಿ ಹಾಕೋಕೆ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ಹುಡುಗಿ ಹಿಂದೂ, ಹುಡುಗ ಕ್ರಿಶ್ಚಿಯನ್. ಹಾಗಾಗಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆ. ಮೂರು ಜನ ಸಾಕ್ಷಿ ಬೇಕು. ನಾನೊಬ್ಬ, ಹುಡುಗನ ಅಕ್ಕ ಒಬ್ಬರು, ಮೂರನೆಯವನು ನಮ್ಮ ಹಳೇ ಟೀಮಿನ ಗೆಳೆಯ. ನಮ್ಮ ಸರದಿಗೆ ಕಾಯ್ತಾ ಕೂತಾಗ ಎದುರಿಗಿದ್ದ ನೋಟಿಸ್ ಬೋರ್ಡ್ ಕಣ್ಣಿಗೆ ಬಿತ್ತು. ಇನ್ನೂ ಮದುವೆಯಾಗದ ಜೋಡಿಗಳ ಹೆಸರು, ವಯಸ್ಸು, ಉದ್ಯೋಗ, ವಿಳಾಸ. ಮೂವತ್ತು ದಿನ ಹಾಗೇ ನೇತಾಡಬೇಕು. ಯಾರು ಬೇಕಾದರೂ ಓದಬಹುದು, ಆಕ್ಷೇಪಣೆ ಸಲ್ಲಿಸಬಹುದು.

"ಅಪ್ಪ ಅಮ್ಮ ನೋಡಿದ ಹುಡುಗನ ಜತೆ ಛತ್ರದಲ್ಲಿ ಮದುವೆಯಾಗಿದ್ರೆ ಯಾರೂ ಅಡ್ರೆಸ್ ಕೇಳ್ತಿರ್ಲಿಲ್ಲ ಕಣೋ" ಅಂದಳು ಗೆಳತಿ.

ಅವಳು ಹೇಳಿದ್ದು ನಿಜ. ಮನೆಗೆ ಬಂದು ಈ ಬೋರ್ಡಿನ ಇತಿಹಾಸ ಹುಡುಕುತ್ತಾ ಕೂತೆ. ದಾರಿ ಒಂದೂವರೆ ಶತಮಾನ ಹಿಂದಕ್ಕೆ, ಕಲ್ಕತ್ತಕ್ಕೆ ಹೋಯಿತು. ಮುಂದಕ್ಕೆ ಬಂದರೆ, ನಾವೆಲ್ಲ ಲೈವ್‌ಸ್ಟ್ರೀಮಿನಲ್ಲಿ ನೋಡಿದ 2023ರ ಸಲಿಂಗ ಮದುವೆಯ ವಿಚಾರಣೆಗೆ ಬಂದು ನಿಂತಿತು. ಎರಡೂ ತುದಿಯಲ್ಲಿ ನಡೆದ ಜಗಳ ಹೆಚ್ಚುಕಮ್ಮಿ ಒಂದೇ.

1860ರ ದಶಕ. ಕೇಶವಚಂದ್ರ ಸೇನ್ ಮತ್ತವರ ಬ್ರಹ್ಮಸಮಾಜದ ಸಂಗಡಿಗರು ವಿಗ್ರಹ ಪೂಜೆ ಬಿಟ್ಟಿದ್ದರು, ಜಾತಿ ಮೀರಿ ಮದುವೆಗಳನ್ನು ಮಾಡಿಸುತ್ತಿದ್ದರು. ಮದುವೆ ಆಯಿತು ಸರಿ, ಆದರೆ ಅದು ಕಾನೂನಿನ ಕಣ್ಣಲ್ಲಿ ಮದುವೆಯೇ? ಅಡ್ವೊಕೇಟ್ ಜನರಲ್ ಹತ್ತಿರ ಅಭಿಪ್ರಾಯ ಕೇಳಿದರೆ 'ಸಿಂಧುವಲ್ಲ' ಅಂದುಬಿಟ್ಟರು. ಅಂದರೆ ಹೆಂಡತಿ ಹೆಂಡತಿಯಲ್ಲ, ಮಕ್ಕಳಿಗೆ ಆಸ್ತಿ ಸಿಗುವುದೂ ಅನುಮಾನ. ಸೇನ್ ಸರ್ಕಾರದ ಬಾಗಿಲು ತಟ್ಟಿದರು.

ವೈಸರಾಯ್ ಕೌನ್ಸಿಲಿನ ಕಾನೂನು ಸದಸ್ಯ ಹೆನ್ರಿ ಮೇನ್ 1868ರಲ್ಲಿ ಧಾರಾಳವಾದ ಮಸೂದೆಯನ್ನೇ ತಂದರು. ಕ್ರೈಸ್ತರಲ್ಲದ ಯಾರಿಗೆ ತಮ್ಮ ಧರ್ಮದ ವಿಧಿಗಳು ಬೇಡವೋ ಅವರೆಲ್ಲ ಸಿವಿಲ್ ಮದುವೆಯಾಗಬಹುದು ಅಂತ. ದೇಶದ ಎಲ್ಲ ಕಡೆಯಿಂದ ವಿರೋಧ ಬಂತು. ಬೆರಳೆಣಿಕೆಯ ಜನರಿಗಾಗಿ ಇಡೀ ಸಮಾಜದ ಕಟ್ಟಳೆಗೆ ಯಾಕೆ ಕೈ ಹಾಕುತ್ತೀರಿ ಅನ್ನುವುದು ವಾದ. ಮೇನ್ ನಂತರ ಬಂದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್, ಸರಿ, ಬ್ರಹ್ಮಸಮಾಜದವರಿಗೆ ಮಾತ್ರ ಮಾಡೋಣ ಅಂದರು. ಆಗ ದೇವೇಂದ್ರನಾಥ ಟ್ಯಾಗೋರರ ಆದಿ ಬ್ರಹ್ಮಸಮಾಜ ತಿರುಗಿಬಿತ್ತು. ನಾವೂ ಬ್ರಹ್ಮರೇ, ಆದರೆ ನಾವು ಹಿಂದೂಗಳು, ಈ ಕಾನೂನಿಗೆ ನಮ್ಮ ಹೆಸರು ಇಡಬೇಡಿ ಅಂತ.

ಕೊನೆಗೆ 1872ರಲ್ಲಿ ಒಂದು ರಾಜಿ ಆಯಿತು. ಆ ವರ್ಷದ ಮೂರನೇ ಕಾಯ್ದೆಯ ಪ್ರಕಾರ ಮದುವೆಯಾಗಬೇಕಾದರೆ ಗಂಡೂ ಹೆಣ್ಣೂ ಒಂದು ಘೋಷಣೆಗೆ ಸಹಿ ಹಾಕಬೇಕಿತ್ತು. ನಾನು ಕ್ರೈಸ್ತ ಅಲ್ಲ, ಯಹೂದಿ ಅಲ್ಲ, ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಪಾರ್ಸಿ ಅಲ್ಲ, ಬೌದ್ಧ ಅಲ್ಲ, ಸಿಖ್ ಅಲ್ಲ, ಜೈನ ಅಲ್ಲ. ಎಂಟು 'ಅಲ್ಲ'ಗಳು. ನೀವು ಯಾರು ಅಂತ ಫಾರ್ಮು ಕೇಳಲೇ ಇಲ್ಲ, ಯಾರಲ್ಲ ಅಂತ ಮಾತ್ರ ಕೇಳಿತು. ಸಂಪ್ರದಾಯಸ್ಥರಿಗೆ ಇದರಿಂದ ಸಮಾಧಾನ. ಹೋಗುವವರು ಹೋಗಲಿ, ಆದರೆ ಹೋಗುವಾಗ ನಮ್ಮವರಲ್ಲ ಅಂತ ಬರೆದುಕೊಟ್ಟು ಹೋಗಲಿ. ಹದಿನಾಲ್ಕು ದಿನದ ನೋಟಿಸು ಬಂದದ್ದೂ ಆ ಕಾಯ್ದೆಯಲ್ಲೇ.

ಇನ್ನೊಂದು ವಿಚಿತ್ರವನ್ನೂ ಹೇಳಿಬಿಡಬೇಕು. ಆ ಕಾಯ್ದೆ ಹುಡುಗಿಗೆ ಕನಿಷ್ಠ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷ ಅಂತ ನಿಗದಿ ಮಾಡಿತ್ತು. ಅದಕ್ಕಾಗಿ ಹೋರಾಡಿದ ಸೇನ್ 1878ರಲ್ಲಿ ತಮ್ಮ ಮಗಳು ಸುನೀತಿಯನ್ನು ಕೂಚ್ ಬಿಹಾರದ ರಾಜನಿಗೆ ಕೊಟ್ಟರು. ಅವಳಿಗೆ ಹದಿನಾಲ್ಕು ತುಂಬಿರಲಿಲ್ಲ. ಸಿಟ್ಟಿಗೆದ್ದ ಅನುಯಾಯಿಗಳು ಹೊರನಡೆದು ಸಾಧಾರಣ ಬ್ರಹ್ಮಸಮಾಜ ಕಟ್ಟಿದರು. ಸುಧಾರಕರನ್ನು ದೇವರ ಪಟದ ಥರ ಗೋಡೆಗೆ ನೇತುಹಾಕುವ ಮುಂಚೆ ಇದೂ ನೆನಪಿರಲಿ.

ಎಂಟು 'ಅಲ್ಲ'ಗಳನ್ನು ತೆಗೆಸೋಕೆ ಐವತ್ತು ವರ್ಷ ಬೇಕಾಯಿತು, ಅದೂ ಅರ್ಧಂಬರ್ಧ. 1911ರಲ್ಲಿ ಭೂಪೇಂದ್ರನಾಥ ಬಸು ತಂದ ಮಸೂದೆ ಸೋತಿತು. 1918ರಲ್ಲಿ ಅಂತರ್ಜಾತಿ ಮದುವೆಯನ್ನು ಸಿಂಧುಗೊಳಿಸಲು ವಿಠ್ಠಲಭಾಯಿ ಪಟೇಲ್ ತಂದ ಮಸೂದೆಯೂ ಕಾಯ್ದೆಯಾಗಲಿಲ್ಲ. ಗೆದ್ದದ್ದು ಹರಿಸಿಂಗ್ ಗೌರ್, 1923ರಲ್ಲಿ. ಹಿಂದೂ, ಬೌದ್ಧ, ಸಿಖ್, ಜೈನರು ಇನ್ನು ಮೇಲೆ ಧರ್ಮ ನಿರಾಕರಿಸದೆ ಪರಸ್ಪರ ಸಿವಿಲ್ ಮದುವೆ ಆಗಬಹುದು. ಹಿಂದೂ ಮುಸ್ಲಿಂ ಮದುವೆ ಆಗಬೇಕಾದರೆ ಮಾತ್ರ 'ಅಲ್ಲ' ಅನ್ನುವುದು ತಪ್ಪಲಿಲ್ಲ.

ಸಂತೋಷಪಡುವ ಮುಂಚೆ ಆ ತಿದ್ದುಪಡಿಯ ಕೊನೆಯ ಸೆಕ್ಷನ್‌ಗಳನ್ನು ಓದಬೇಕು. ಹೀಗೆ ಮದುವೆಯಾದವರು ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ. ಅವರಿಗೆ ದತ್ತು ತೆಗೆದುಕೊಳ್ಳುವ ಹಕ್ಕಿಲ್ಲ. ಇನ್ನೊಂದಂತೂ ಎದೆಗೆ ನಾಟುವಂಥದ್ದು. ಹಾಗೆ ಮದುವೆಯಾದವನು ಒಬ್ಬನೇ ಮಗನಾಗಿದ್ದರೆ, ಅವನ ಅಪ್ಪ ಬೇರೊಬ್ಬ ಮಗನನ್ನು ದತ್ತು ತೆಗೆದುಕೊಳ್ಳಬಹುದು. ಮಗ ಬದುಕಿದ್ದಾನೆ, ಆದರೆ ಕಾನೂನಿನ ಲೆಕ್ಕದಲ್ಲಿ ಆ ಜಾಗ ಖಾಲಿ. ಫಾರ್ಮಿನಿಂದ 'ಅಲ್ಲ' ಹೋಯಿತು, ಮನೆಯೊಳಗೆ ಬಂದು ಕೂತಿತು.

ಇಲ್ಲಿ ನನಗೆ ಒಂದು ಕ್ರಮ ಕಾಣಿಸೋಕೆ ಶುರುವಾಯಿತು. ನಮ್ಮಲ್ಲಿ ಮದುವೆಯ ಬಾಗಿಲನ್ನು ಸರ್ಕಾರ ತೆರೆಯುವುದೇ ಇಲ್ಲ ಅಂತೇನಿಲ್ಲ. ತೆರೆಯುತ್ತದೆ, ಜತೆಗೊಂದು ದಂಡ ಹಾಕುತ್ತದೆ. ವಿರೋಧಿಸಿದವರ ಸಮಾಧಾನಕ್ಕೆ ಆ ದಂಡ. ಕಟ್ಟುವವರು ಮಾತ್ರ ಒಳಗೆ ಬಂದ ಜೋಡಿ.

ಸ್ವಾತಂತ್ರ್ಯ ಬಂದ ಮೇಲೆ? ಹಿಂದೂ ಕಾನೂನನ್ನು ಸುಧಾರಿಸುವ ಕರಡು ತಯಾರಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್. ಅದನ್ನು ಹಿಂದೂ ಕೋಡ್ ಬಿಲ್ ಆಗಿ ಸಂಸತ್ತಿನಲ್ಲಿ ದಾಟಿಸಲು ಅಂಬೇಡ್ಕರ್ ಪಟ್ಟ ಪಾಡು, 1951ರಲ್ಲಿ ಕೊಟ್ಟ ರಾಜೀನಾಮೆ ನಿಮಗೆ ಗೊತ್ತೇ ಇದೆ. ಅದರ ಪಕ್ಕದಲ್ಲೇ 1954ರಲ್ಲಿ ಹೊಸ ವಿಶೇಷ ವಿವಾಹ ಕಾಯ್ದೆ ಬಂತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಯಾವ ಧರ್ಮದವರು ಯಾವ ಧರ್ಮದವರನ್ನು ಬೇಕಾದರೂ, ಏನನ್ನೂ ನಿರಾಕರಿಸದೆ ಮದುವೆಯಾಗಬಹುದು. ಎಂಟೂ 'ಅಲ್ಲ'ಗಳು ಹೋದವು.

ದಂಡ ಹೋಗಲಿಲ್ಲ. ಹದಿನಾಲ್ಕು ದಿನದ ನೋಟಿಸು ಮೂವತ್ತು ದಿನ ಆಯಿತು. ಹೌದು, ಬ್ರಿಟಿಷರ ಕಾಲಕ್ಕಿಂತ ಎರಡು ಪಟ್ಟು ಜಾಸ್ತಿ. ಅವಿಭಕ್ತ ಕುಟುಂಬದಿಂದ ಬೇರ್ಪಡುವ ನಿಯಮ ಸೆಕ್ಷನ್ 19 ಆಗಿ ಉಳಿಯಿತು. 1976ರಲ್ಲಿ ತಿದ್ದುಪಡಿ ಆಗಿ, ಗಂಡ ಹೆಂಡತಿ ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರಲ್ಲಿ ಯಾರಾದರೂ ಆಗಿದ್ದರೆ ಅದು ಅನ್ವಯಿಸುವುದಿಲ್ಲ ಅಂತಾಯಿತು. ನನ್ನ ಗೆಳತಿಯ ಥರ ಬೇರೆ ಧರ್ಮದವರನ್ನು ಮದುವೆಯಾದರೆ ಇವತ್ತಿಗೂ ಅನ್ವಯಿಸುತ್ತದೆ. ಟ್ಯಾಕ್ಸ್ ಉಳಿಸೋಕೆ ಮನೆಯಲ್ಲಿ ಎಚ್‌ಯುಎಫ್ ಮಾಡಿಕೊಂಡಿದ್ದೀರಾ? ಹಾಗಿದ್ದರೆ ಈ ಸೆಕ್ಷನ್ ಒಮ್ಮೆ ಓದಿ.

ದಂಡವಿಲ್ಲದೆ ಬಾಗಿಲು ತೆರೆಯೋಕೆ ಆಗೋದೇ ಇಲ್ಲವೇ? ಆಗುತ್ತದೆ. ಪೆರಿಯಾರ್ ಅನುಯಾಯಿಗಳು ಪುರೋಹಿತರಿಲ್ಲದೆ ಮಾಡಿಕೊಳ್ಳುತ್ತಿದ್ದ ಸ್ವಾಭಿಮಾನ ಮದುವೆಗಳನ್ನು ಮದ್ರಾಸ್ ಹೈಕೋರ್ಟ್ 1950ರ ದಶಕದಲ್ಲಿ ಒಪ್ಪಲಿಲ್ಲ. 1967ರಲ್ಲಿ ಅಣ್ಣಾದೊರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೇ ತಿದ್ದುಪಡಿ ತಂದು ಅವುಗಳನ್ನು ಸಿಂಧುಗೊಳಿಸಿತು. ಹಿಂದೆ ಆದವುಗಳನ್ನೂ ಸೇರಿಸಿ. ಯಾರೂ ಏನನ್ನೂ ಬರೆದುಕೊಡಬೇಕಾಗಿರಲಿಲ್ಲ. ಮನಸ್ಸಿದ್ದರೆ ಶಾಸನಸಭೆ ಮಾಡುತ್ತದೆ.

ಈಗ 2023ಕ್ಕೆ ಬರೋಣ. ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿಯಾಗಿತ್ತು. ಹೈದರಾಬಾದಿನ ಸುಪ್ರಿಯೊ ಚಕ್ರವರ್ತಿ ಮತ್ತು ಅಭಯ್ ಡಾಂಗ್ 2022ರಲ್ಲಿ, ಹಾಗಾದರೆ ವಿಶೇಷ ವಿವಾಹ ಕಾಯ್ದೆಯಡಿ ನಮ್ಮ ಮದುವೆ ಯಾಕಾಗಬಾರದು ಅಂತ ಕೇಳಿದರು. ಅವರ ಜತೆ ಹತ್ತಾರು ಅರ್ಜಿಗಳು ಸೇರಿಕೊಂಡವು. ಏಪ್ರಿಲ್ 18ರಿಂದ ಹತ್ತು ದಿನ ಐವರು ನ್ಯಾಯಮೂರ್ತಿಗಳ ಮುಂದೆ ವಿಚಾರಣೆ ನಡೆಯಿತು.

ಕೇಂದ್ರ ಸರ್ಕಾರ ಎರಡು ಮುಖ್ಯ ಮಾತು ಹೇಳಿತು. ಒಂದು, ಇದನ್ನು ತೀರ್ಮಾನಿಸಬೇಕಾದ್ದು ಸಂಸತ್ತು. ಇನ್ನೊಂದು, ಈ ಬೇಡಿಕೆ ನಗರದ ಗಣ್ಯರದ್ದು. ಎರಡನೆಯದನ್ನು ಕೇಳಿದಾಗ ನಗು ಬಂತು. ಅರ್ಜಿದಾರರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಇದ್ದರು. ಅವರ ಜೀವನ ಗೊತ್ತಿರುವ ಯಾರೂ ಅವರನ್ನು 'ಗಣ್ಯರು' ಅನ್ನಲಾರರು. 1868ರ 'ಬೆರಳೆಣಿಕೆಯ ಜನ' ಅನ್ನುವ ವಾದವೇ ಬಟ್ಟೆ ಬದಲಿಸಿಕೊಂಡು ಬಂದಿತ್ತು.

ಮೊದಲನೆಯ ಮಾತನ್ನು ಮಾತ್ರ ನಗುತ್ತಾ ತಳ್ಳಿಹಾಕಲಾಗದು. ಈವರೆಗಿನ ಕಥೆಯಲ್ಲಿ 1872, 1923, 1954, 1967, ಎಲ್ಲವೂ ಶಾಸನಸಭೆಗಳೇ ಮಾಡಿದ ಕೆಲಸ. ಆದರೆ ಸಂಸತ್ತೇ ಮಾಡಲಿ ಅನ್ನುವವರು ಸಂಸತ್ತಿನಲ್ಲಿ ಏನು ಮಾಡುತ್ತಿದ್ದರು? ಸುಪ್ರಿಯಾ ಸುಳೆ 2022ರಲ್ಲಿ ಖಾಸಗಿ ಸದಸ್ಯರಾಗಿ ಇದೇ ಕಾಯ್ದೆಗೆ ತಿದ್ದುಪಡಿ ಮಂಡಿಸಿದ್ದರು. ಅದು ಅಲ್ಲಿಗೇ ನಿಂತಿತ್ತು.

ಇದು ಬರೀ ಎಡ ಬಲದ ಜಗಳ ಅಂದುಕೊಂಡರೂ ತಪ್ಪಾಗುತ್ತದೆ. ರಾಜ್ಯಗಳ ಅಭಿಪ್ರಾಯ ಕೇಳಿದ್ದ ಕೇಂದ್ರ, ಏಳು ರಾಜ್ಯಗಳು ಉತ್ತರಿಸಿವೆ ಅಂತ ಕೋರ್ಟಿಗೆ ತಿಳಿಸಿದ್ದು 2023ರ ಮೇ 10ರಂದು. ಅವತ್ತೇ ಕರ್ನಾಟಕದಲ್ಲಿ ವಿಧಾನಸಭೆಗೆ ಮತದಾನ. ಚುನಾವಣೆಯ ಗಲಾಟೆಯಲ್ಲಿದ್ದ ನಮ್ಮ ರಾಜ್ಯ ಆ ಏಳರಲ್ಲಿ ಇರಲಿಲ್ಲ. ಖಡಾಖಂಡಿತವಾಗಿ ವಿರೋಧಿಸಿದ್ದು ಮೂರು: ರಾಜಸ್ಥಾನ, ಆಂಧ್ರ, ಅಸ್ಸಾಂ. ಆಗ ಅಲ್ಲಿ ಕ್ರಮವಾಗಿ ಕಾಂಗ್ರೆಸ್, ವೈಎಸ್‌ಆರ್ ಕಾಂಗ್ರೆಸ್ ಮತ್ತು ಬಿಜೆಪಿ ಸರ್ಕಾರಗಳು! ಮದುವೆ ಎರಡು ಭಿನ್ನ ಲಿಂಗದವರ ನಡುವಿನ ಸಂಸ್ಕಾರ ಅಂತ ಸೊರಬ ಸೀಮೆಯವರಾದ ಆರೆಸ್ಸೆಸ್‌ನ ದತ್ತಾತ್ರೇಯ ಹೊಸಬಾಳೆ ಹೇಳಿದರು. ಕೋರ್ಟಿನಲ್ಲಿ ಜಮೀಯತ್ ಉಲಮಾ ಎ ಹಿಂದ್ ಕೂಡ ಅರ್ಜಿಗಳನ್ನು ವಿರೋಧಿಸಿತು. ಬೇರೆ ಯಾವ ವಿಷಯದಲ್ಲಿ ಇವರೆಲ್ಲ ಒಂದೇ ಕಡೆ ಕೂರುತ್ತಾರೆ ಹೇಳಿ?

ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟು ತಿದ್ದಲಾಗದು ಅನ್ನುವುದಕ್ಕೆ ಐವರೂ ಒಪ್ಪಿದರು. ಸಲಿಂಗಿ ಜೋಡಿಗಳು ಒಟ್ಟಾಗಿ ಬಾಳುವ ಬಂಧಕ್ಕೆ ಸರ್ಕಾರದ ಮಾನ್ಯತೆ ಸಿಗಬೇಕು, ಅವರು ಜೋಡಿಯಾಗಿ ದತ್ತು ತೆಗೆದುಕೊಳ್ಳಬಹುದು ಅಂದವರು ಚಂದ್ರಚೂಡ್ ಮತ್ತು ಕೌಲ್. ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ನರಸಿಂಹ ಅದನ್ನು ಒಪ್ಪಲಿಲ್ಲ. 3-2. ದತ್ತು ಇಲ್ಲ. 1923ರ ಆ ಸಾಲು ನೆನಪಾಯಿತೇ? ಸರಿಯಾಗಿ ನೂರು ವರ್ಷ. 2025ರ ಜನವರಿಯಲ್ಲಿ ಪುನರ್‌ಪರಿಶೀಲನಾ ಅರ್ಜಿಗಳೂ ವಜಾ ಆದವು.

ಏನೂ ಆಗಲಿಲ್ಲ ಅಂತಲ್ಲ. ಹೆಣ್ಣೆಂದು ಗುರುತಿಸಿಕೊಂಡ ಟ್ರಾನ್ಸ್ ಮಹಿಳೆ ಗಂಡಸನ್ನು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಅಂತ ಅದೇ ತೀರ್ಪು ಹೇಳಿತು. ಕೋರ್ಟಿಗೆ ಮಾತು ಕೊಟ್ಟಿದ್ದಂತೆ ಸರ್ಕಾರ 2024ರಲ್ಲಿ ಸಂಪುಟ ಕಾರ್ಯದರ್ಶಿಯ ಸಮಿತಿ ಮಾಡಿತು. ಅದೇ ವರ್ಷ ಕೆಲವು ಸೂಚನೆಗಳೂ ಹೊರಬಿದ್ದವು. ಸಂಗಾತಿಗಳನ್ನು ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರೆಂದು ಪರಿಗಣಿಸಬಹುದು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ನಾಮಿನಿ ಮಾಡಬಹುದು. ಒಬ್ಬರು ತೀರಿಕೊಂಡರೆ, ಹತ್ತಿರದ ಬಂಧುಗಳು ಯಾರೂ ಇಲ್ಲದಿದ್ದಾಗ ಇನ್ನೊಬ್ಬರು ಶವ ಪಡೆಯಬಹುದು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಒಟ್ಟಿಗೆ ಅಕ್ಕಿ ತರಬಹುದು, ಒಟ್ಟಿಗೆ ದುಡ್ಡಿಡಬಹುದು, ಕೊನೆಗೆ ಹೆಣಕ್ಕೆ ಹೆಗಲು ಕೊಡಬಹುದು. ಸಂಸಾರ ಅಂದರೆ ಇನ್ನೇನು? ಅದೆಲ್ಲ ಇದೆ, ಆದರೆ ಮದುವೆ 'ಅಲ್ಲ'. ಪಿಂಚಣಿ ಇಲ್ಲ, ಉಯಿಲು ಬರೆಯದಿದ್ದರೆ ಸಂಗಾತಿಯ ಆಸ್ತಿಯಲ್ಲಿ ಪಾಲಿಲ್ಲ. ನಾಮಿನಿ ಆದ ಮಾತ್ರಕ್ಕೆ ವಾರಸುದಾರ ಆಗುವುದಿಲ್ಲ.

ಮುಂದೇನು? 2024ರ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ, ವ್ಯಾಪಕ ಸಮಾಲೋಚನೆಯ ನಂತರ ಸಿವಿಲ್ ಯೂನಿಯನ್ ಮಾನ್ಯ ಮಾಡುವ ಕಾನೂನು ತರುತ್ತೇವೆ ಅಂದಿತ್ತು. ಅಲ್ಲೂ 'ಮದುವೆ' ಅನ್ನುವ ಪದ ಇರಲಿಲ್ಲ ಅನ್ನುವುದನ್ನು ಗಮನಿಸಿ. ಬಾಗಿಲು ಒಂದಲ್ಲ ಒಂದು ದಿನ ತೆರೆಯುತ್ತದೆ ಅಂತ ನನಗನ್ನಿಸುತ್ತದೆ. ಆದರೆ ಇತಿಹಾಸ ಕಲಿಸುವುದು ಬೇರೆ ಪಾಠ. ಬಾಗಿಲು ತೆರೆಯಿತೇ ಅಂತ ಮಾತ್ರ ನೋಡಿದರೆ ಸಾಲದು, ಒಳಗೆ ಹೋಗೋಕೆ ಏನನ್ನು ಬರೆದುಕೊಡಿ ಅಂದರು ಅಂತಲೂ ನೋಡಬೇಕು. 1872ರಲ್ಲಿ ಹಾಕಿದ ನೋಟಿಸು ಇವತ್ತೂ ಗೋಡೆಯ ಮೇಲಿದೆ. ಒಮ್ಮೆ ಹಾಕಿದ ದಂಡವನ್ನು ತೆಗೆಸೋಕೆ ಮೊಮ್ಮಕ್ಕಳ ಕಾಲದವರೆಗೂ ಕಾಯಬೇಕಾಗುತ್ತದೆ.

ಅವತ್ತು ನಮ್ಮ ಸರದಿ ಬಂತು. ಗೆಳತಿ ಸಹಿ ಹಾಕಿದಳು, ಹುಡುಗ ಹಾಕಿದ, ಅವರ ಅಕ್ಕ ಹಾಕಿದರು, ನಾನು ಹಾಕಿದೆ. ಕೊನೆಗೆ ನಮ್ಮ ಮೂರನೇ ಸಾಕ್ಷಿ. ಅವನೂ ಅವನ ಸಂಗಾತಿಯೂ ಒಂದೇ ಮನೆಯಲ್ಲಿ ಬಾಳ್ವೆ ಶುರುಮಾಡಿ ಒಂಬತ್ತು ವರ್ಷ. ಮನೆ ಲೋನ್ ಇಬ್ಬರದ್ದೂ, ನಾಯಿಯೂ ಇಬ್ಬರದ್ದು.

"ಎಲ್ಲಿ ಸೈನ್ ಮಾಡ್ಲಿ ಸರ್?" ಅಂತ ಕೇಳಿದ.

ಗುಮಾಸ್ತರು ಬೆರಳಿಟ್ಟು ತೋರಿಸಿದರು. "ಇಲ್ಲಿ, ಸಾಕ್ಷಿ ಕಾಲಂ. ಮೇಲೆ ಬೇಡ, ಮೇಲಿನದು ಮದುವೆ ಆಗೋರಿಗೆ."

ಅವನು ನಕ್ಕು, ಕೆಳಗೆ ಸಹಿ ಹಾಕಿದ.