ಹತ್ತೊಂಬತ್ತರ ಅಂತರ

ಒಂದು ಪ್ರಬಂಧದಲ್ಲಿ 330, ಇನ್ನೊಂದರಲ್ಲಿ 311. ಎರಡೂ ಪ್ಲಾಸ್ಮಿನೋಜನ್ ಎಂಬ ಪ್ರೋಟೀನಿನ ದೋಷವನ್ನೇ ಹೇಳುತ್ತಿದ್ದವು: ಲೈಸಿನ್ ಇರಬೇಕಾದ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ. ಆದರೆ ಆ ಜಾಗದ ಸಂಖ್ಯೆ ಬೇರೆ ಬೇರೆ. ಇವು ಎರಡು ಕಾಯಿಲೆಗಳೋ, ಇಲ್ಲ ಒಂದೇ ಕಾಯಿಲೆಯ ಎರಡು ಲೆಕ್ಕಗಳೋ? ಅದು ತೀರ್ಮಾನವಾಗದೆ ಮುಂದೆ ಹೋಗುವುದು ಸರಿಯಲ್ಲವೆನಿಸಿತು.

ನಾನು ಹುಡುಕುತ್ತಿದ್ದುದು ಒಂದು ಹಳೆಯ ಪ್ರಶ್ನೆಗೆ ಉತ್ತರ. ರಕ್ತದ ಹೆಪ್ಪನ್ನು ಕರಗಿಸುವುದು ಪ್ಲಾಸ್ಮಿನೋಜನ್‌ನಿಂದ ಹುಟ್ಟುವ ಪ್ಲಾಸ್ಮಿನ್‌ನ ಕೆಲಸ. ಮುಖ, ನಾಲಿಗೆ, ಗಂಟಲು ಇದ್ದಕ್ಕಿದ್ದಂತೆ ಬಾತುಕೊಳ್ಳುವ ವಂಶಪಾರಂಪರ್ಯ ಕಾಯಿಲೆಗೂ ಅದಕ್ಕೂ ಏನು ನಂಟು? ವಿಲಿಯಂ ಓಸ್ಲರ್ 1888ರಲ್ಲೇ ಒಂದು ಅಮೆರಿಕನ್ ಕುಟುಂಬದ ಐದು ತಲೆಮಾರುಗಳಲ್ಲಿ ಈ ಬಾವನ್ನು ಗುರುತಿಸಿದ್ದರು. 1963ರಲ್ಲಿ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್ ಇಂಥ ರೋಗಿಗಳ ರಕ್ತದಲ್ಲಿ ಸಿ1 ಪ್ರತಿಬಂಧಕ ಕೆಲಸ ಮಾಡುತ್ತಿಲ್ಲವೆಂದು ತೋರಿಸಿದರು. ಸಿ1 ರೋಗನಿರೋಧಕ ವ್ಯವಸ್ಥೆಗೆ ಸೇರಿದ್ದು. ಸಹಜವಾಗಿಯೇ ಎಲ್ಲರ ಕಣ್ಣು ಅತ್ತ ಹೊರಳಿತು. ಸಿ2 ಎಂಬ ಪ್ರೋಟೀನ್ ಒಡೆದು ಬಾವು ತರಿಸುವ ವಸ್ತು ಹುಟ್ಟುತ್ತದೆಂಬ ವಾದವನ್ನು ಹಿಡಿದು ನಾನೂ ಬಹಳ ದೂರ ಹೋದೆ. ಆ ದಾರಿ ಮುಂದೆ ಮುಚ್ಚಿತ್ತು. ದೋಷಿ ಬ್ರಾಡಿಕೈನಿನ್ ಎಂಬ ಪುಟ್ಟ ಪೆಪ್ಟೈಡ್. ಬಾವಿನ ಹೊತ್ತಿಗೆ ರಕ್ತದಲ್ಲಿ ಅದು ಏರುವುದನ್ನು 1998ರಲ್ಲಿ ನುಸ್‌ಬರ್ಗರ್ ತಂಡ ಅಳೆದು ತೋರಿಸಿತು.

ಹಾಗಾದರೆ 1972ರ ಕಡತಗಳನ್ನು ಏನು ಮಾಡುವುದು? ಆ ವರ್ಷ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾಂಕ್ ತಂಡದ ಡಬಲ್ ಬ್ಲೈಂಡ್ ಪ್ರಯೋಗ ಬಂತು. ಎಪ್ಸಿಲಾನ್ ಅಮಿನೊಕಪ್ರೊಯಿಕ್ ಆಮ್ಲ ಕೊಟ್ಟಾಗ ಬಾವು ತಗ್ಗಿತ್ತು. ಅದೇ ವರ್ಷ ಶೆಫರ್ ತಂಡ ಟ್ರಾನೆಕ್ಸಾಮಿಕ್ ಆಮ್ಲದಿಂದಲೂ ಗುಣ ಕಂಡಿತು. ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ ಈ ಟ್ರಾನೆಕ್ಸಾಮಿಕ್ ಆಮ್ಲವನ್ನು ರೂಪಿಸಿದ್ದು ರಕ್ತಸ್ರಾವ ತಡೆಯಲು. ಎರಡೂ ಮದ್ದುಗಳ ಕೆಲಸ ಒಂದೇ: ಹೆಪ್ಪು ಕರಗದಂತೆ ಮಾಡುವುದು. ರಕ್ತಸ್ರಾವದ ಮದ್ದಿಗೆ ಬಾವು ಏಕೆ ಬಗ್ಗಬೇಕು?

ಆದರೂ ಮದ್ದು ಕೆಲಸ ಮಾಡಿದ ಮಾತ್ರಕ್ಕೆ ಕಾರಣ ಸಿಕ್ಕಿತೆನ್ನಲಾಗದು. ಅದು ಬೇರೆ ದಾರಿಯಲ್ಲೂ ಕೆಲಸ ಮಾಡಿರಬಹುದು. 1976ರಲ್ಲಿ ಪರೀಕ್ಷೆಗೊಳಗಾದ ಡೆನಜಾಲ್ ಎಂಬ ಇನ್ನೊಂದು ಮದ್ದು ಹೆಚ್ಚು ಪರಿಣಾಮಕಾರಿಯೆನಿಸಿದ ಮೇಲೆ ಈ ಪ್ರಶ್ನೆ ಬದಿಗೆ ಸರಿಯಿತು. ರೋಗಿಗಳ ರಕ್ತದಲ್ಲಿ ಬಾವಿನ ಹೊತ್ತಿಗೆ ಡಿ-ಡೈಮರ್, ಅಂದರೆ ಕರಗಿದ ಹೆಪ್ಪಿನ ಚೂರು, ಏರುತ್ತದೆ. ಇದು ಪ್ಲಾಸ್ಮಿನ್ ಓಡಾಡಿದ್ದರ ಹೆಜ್ಜೆಗುರುತು ನಿಜ. ಆದರೆ ಅದು ಬಾವಿಗೆ ಮೊದಲು ಬಂತೋ, ಬಾವಿನ ಬೆನ್ನಿಗೆ ಬಂತೋ ಎಂಬುದು ಹೆಜ್ಜೆಗುರುತಿನಿಂದ ತಿಳಿಯದು.

ಕಾಲಕ್ರಮ ಸ್ಪಷ್ಟವಾಗಿರುವ ಸಾಕ್ಷ್ಯ ಸಿಕ್ಕಿದ್ದು ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ. ಮೆದುಳಿನ ಹೆಪ್ಪು ಕರಗಿಸಲು, ಪ್ಲಾಸ್ಮಿನ್ ಹುಟ್ಟಿಸುವ ಆಲ್ಟೆಪ್ಲೇಸ್ ಎಂಬ ಮದ್ದು ಕೊಟ್ಟ ಕೆಲವರಿಗೆ ತುಟಿ, ನಾಲಿಗೆ ಬಾತುಕೊಳ್ಳುತ್ತದೆ. ಬ್ರಾಡಿಕೈನಿನ್ ಒಡೆಯುವ ಕಿಣ್ವವನ್ನು ತಡೆಯುವ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಇದು ಹೆಚ್ಚು. ಇಲ್ಲಿ ಪ್ಲಾಸ್ಮಿನ್ ಮೊದಲು, ಬಾವು ಆಮೇಲೆ. ನನ್ನ ತಕ್ಕಡಿಯಲ್ಲಿ ಇದು 1972ರ ಮದ್ದಿಗಿಂತ ಭಾರವಾದ ಪುರಾವೆ.

ಅಲ್ಲಿಂದ ಜೀನುಗಳ ಕಡೆ ಹೊರಳಿದೆ. ಸಿ1 ಪ್ರತಿಬಂಧಕ ಸರಿಯಾಗಿಯೇ ಇದ್ದೂ ಬಾವು ಬರುವ ಕುಟುಂಬಗಳಿವೆ. 2006ರಲ್ಲಿ ಡೆವಾಲ್ಡ್ ಮತ್ತು ಬೋರ್ಕ್ ಅಂಥ ಕೆಲವು ಕುಟುಂಬಗಳಲ್ಲಿ ಹನ್ನೆರಡನೆಯ ಹೆಪ್ಪು ಅಂಶದ ದೋಷ ಕಂಡರು. ಆ ದೋಷವಿರುವ ಪ್ರೋಟೀನನ್ನು ಪ್ಲಾಸ್ಮಿನ್ ಸುಲಭವಾಗಿ ಕತ್ತರಿಸಿ ಚುರುಕುಗೊಳಿಸುತ್ತದೆಂದು 2016ರಲ್ಲಿ ಡಿ ಮಾಟ್ ತಂಡ ತೋರಿಸಿತು. ಕೊನೆಗೆ 2018ರಲ್ಲಿ ಬೋರ್ಕ್ ತಂಡ ಪ್ಲಾಸ್ಮಿನೋಜನ್ ಜೀನಿನಲ್ಲೇ ದೋಷ ಕಂಡಿತು. ಆ ಕುಟುಂಬಗಳಲ್ಲಿ ನಾಲಿಗೆಯ ಬಾವು ಎದ್ದು ಕಾಣುವ ಲಕ್ಷಣ. ಅಲ್ಲಿನ ಸಂಖ್ಯೆ 330.

2022ರಲ್ಲಿ ಡಿಕೆಸನ್ ತಂಡದ ಪ್ರಬಂಧ ಬಂತು, ಅದರಲ್ಲಿ 311. ಎರಡರ ಅಂತರ 19. ಹನ್ನೆರಡನೆಯ ಅಂಶದ ದೋಷಕ್ಕೂ ಕೆಲವೆಡೆ 309, ಕೆಲವೆಡೆ 328 ಎಂದಿತ್ತು. ಮತ್ತೆ 19! ಪ್ರೋಟೀನ್ ಜೀವಕೋಶದಿಂದ ಹೊರಬೀಳುವಾಗ ಅದರ ತಲೆಯ ಕಡೆಯ ತುಂಡೊಂದು ಕತ್ತರಿಸಿ ಹೋಗುತ್ತದೆ. ಈ ಎರಡೂ ಪ್ರೋಟೀನುಗಳಲ್ಲಿ ಆ ತುಂಡಿನ ಉದ್ದ 19 ಅಮೈನೊ ಆಮ್ಲಗಳು. ಒಬ್ಬರು ಅದನ್ನು ಸೇರಿಸಿ ಎಣಿಸಿದ್ದರು, ಇನ್ನೊಬ್ಬರು ಬಿಟ್ಟು. ಜಾಗ ಒಂದೇ.

ಆ ಗಂಟು ಬಿಚ್ಚಿದ ಮೇಲೆ ಡಿಕೆಸನ್ ತಂಡದ ಫಲಿತಾಂಶವನ್ನು ಇನ್ನೊಮ್ಮೆ ನಿಧಾನವಾಗಿ ಓದಿದೆ. ಮಾಮೂಲಿ ದಾರಿಯಲ್ಲಿ ಕೈನಿನೋಜನ್ ಎಂಬ ಪ್ರೋಟೀನಿನಿಂದ ಬ್ರಾಡಿಕೈನಿನ್ ಬಿಡಿಸುವುದು ಕ್ಯಾಲಿಕ್ರೀನ್ ಎಂಬ ಕಿಣ್ವ. ದೋಷವಿರುವ ಪ್ಲಾಸ್ಮಿನ್ ಅದರ ನೆರವಿಲ್ಲದೆ ತಾನೇ ಆ ಕೆಲಸ ಮಾಡುತ್ತಿತ್ತು.

ನನ್ನ ತೀರ್ಪನ್ನು ಅಳತೆ ಮೀರಿಸಲಾರೆ. ಪ್ಲಾಸ್ಮಿನೋಜನ್ ದೋಷವಿರುವ ಈ ಕೆಲವು ಕುಟುಂಬಗಳಲ್ಲಿ ಪ್ಲಾಸ್ಮಿನ್ ಮುಖ್ಯ ಆರೋಪಿ. ಓಸ್ಲರ್ ಕಂಡಂಥ, ಸಿ1 ಪ್ರತಿಬಂಧಕದ ಕೊರತೆಯ ಹೆಚ್ಚಿನ ಕುಟುಂಬಗಳಲ್ಲಿ ಅದು ಸಹಾಯಕ ಮಾತ್ರ. ಅಲ್ಲಿ ಕ್ಯಾಲಿಕ್ರೀನ್ ತಡೆದರೆ ಬಾವು ನಿಲ್ಲುತ್ತದೆ. ಪ್ಲಾಸ್ಮಿನೋಜನ್ ದೋಷದ ರೋಗಿಗಳ ಚಿಕಿತ್ಸೆಯ ವಿವರವನ್ನು ಬೋರ್ಕ್ ತಂಡ 2020ರಲ್ಲಿ ಪ್ರಕಟಿಸಿತು. ಬಾವು ಬರದಂತೆ ಕಾಯ್ದ ಮದ್ದುಗಳ ಪಟ್ಟಿಯಲ್ಲಿ ಟ್ರಾನೆಕ್ಸಾಮಿಕ್ ಆಮ್ಲವೂ ಇದೆ.