ಅತ್ತಿಯವರ ಹಂಡೆ: ಬೆಸಗಿ ಹಾಕಸೋದೋ, ತೂಕಕ್ಕ ಹಾಕೋದೋ?

ಈ ಸಲ ನೀರು ತುಂಬೋ ಹಬ್ಬಕ್ಕ ಹಂಡೆಗೆ ಹುಣಸಿಹಣ್ಣು ಹಚ್ಚಿ ತಿಕ್ಕಿ ನೀರು ತುಂಬಿದೆ. ಬುಡದಾಗ ಹನಿ ಜಿನುಗೋದು ಕಂಡ್ತು. ಮಗ ಅಂದ, "ಅವ್ವಾ, ಇದನ್ನ ತೂಕಕ್ಕ ಹಾಕಿಬಿಡು. ಹೆಂಗೂ ಗೀಸರ್ ಅದಲ್ಲ." ನಾ ಲಗೂನ ಹೂಂ ಅನ್ನಲಿಲ್ಲ.

ತಾಮ್ರ ನಮ್ಮ ನಾಡಿಗೆ ಹೊಸದಲ್ರಿ. ಚಿತ್ರದುರ್ಗದ ಹತ್ತರ ಇಂಗಳದಾಳದಾಗ ಹಿಂದಿನವರು ತಾಮ್ರದ ಅದಿರು ಅಗದ ಗುರುತು ಅವ. ಹುಬ್ಬಳ್ಳಿ ಕಂಚಗಾರ ಗಲ್ಲಿ ಹೆಸರು ಕೇಳಿದ್ರನ ತಿಳೀತದ, ಭಾಂಡೆ ಮಾಡೋರಿಗೆ ಒಂದು ಓಣಿನೇ ಇತ್ತು. ತಾಮ್ರ ಬಡದಷ್ಟೂ ಬಿರುಸಾಗತದ. ಅದಕ್ಕ ನಡುನಡುವ ಕೆಂಪಗ ಕಾಸಿ, ಮೆತ್ತಗ ಮಾಡಿ, ಮತ್ತ ಬಡೀಬೇಕು. ಹಂಗ ತಯಾರಾದ ಹಂಡೆ ಬಚ್ಚಲ ಒಲಿ ಮ್ಯಾಲ ಕೂತ್ರ ಮೂರು ತಲಿಮಾರು ಏಳತಿದ್ದಿಲ್ಲ. ಮುಂದ ಬಂಬ ಬಂತು: ನಡುವ ಕೊಳವಿ, ಅದರಾಗ ಕೆಂಡ, ಸುತ್ತ ನೀರು. ಆಮ್ಯಾಲ ಸ್ಟೀಲು, ಕಡೀಕ ಗೀಸರ್.

ನಮ್ಮ ಹಂಡೆ ಅತ್ತಿಯವರ ತವರಿಂದು. ಕಂಠದ ಮ್ಯಾಲ ಅವರ ಹೆಸರು ಕೊರದದ. 1972ರ ಬರದಾಗ ಉಳದ ಭಾಂಡೆ ಎಲ್ಲಾ ಮಾರಿದ್ರಂತ. ಹಂಡೆ ಮಾತ್ರ ಕೊಡಲಿಲ್ಲ. "ಹೆಣ್ಣಮಕ್ಕಳು ಬಾಣಂತನಕ್ಕ ಬಂದ್ರ ನೀರು ಎದರಾಗ ಕಾಸಲಿ?" ಅಂದ್ರಂತ. ನನ್ನ ಎರಡೂ ಬಾಣಂತನದಾಗ ಎರಕೊಂಡದ್ದು ಅದರ ನೀರನ್ನ.

ಕಂಚಗಾರರ ಕಡೆ ಒಯ್ದೆ. "ಕಲಾಯಿ ಮಾಡಿಕೊಡ್ರಿ" ಅಂದೆ. ಅವರು ನಕ್ಕರು. "ಕಲಾಯಿ ಅಡಿಗಿ ಭಾಂಡೆಕ್ಕ ತಾಯಿ, ಹುಳಿ ತಾಮ್ರಕ್ಕ ತಾಗಬಾರದಂತ. ತೂತು ಅದರಿಂದ ಮುಚ್ಚಂಗಿಲ್ಲ. ತಗಡು ಹಚ್ಚಿ ಬೆಸಗಿ ಹಾಕಬೇಕು." ಅದರಾಗೂ ಎರಡು ಥರ. ತವರದ ಬೆಸಗಿ ಅಗ್ಗ, ಆದ್ರ ತವರ 232 ಡಿಗ್ರಿಗೇ ಕರಗತದ, ತಾಮ್ರಕ್ಕ 1,085 ಬೇಕು. ನೀರು ಇರೋತನಕ ಬೆಸಗಿ ತಡೀತದ, ಖಾಲಿ ಹಂಡೆಗೆ ಉರಿ ಹಚ್ಚಿದ್ರ ಹೋತು. ಹಿತ್ತಾಳಿ ಬೆಸಗಿಗೆ ರೊಕ್ಕ ಜಾಸ್ತಿ, ಉರಿ ತಾಳತದ.

ಅವರು ಬುಡದ ತುಂಬ ಬಟ್ಟಲೆ ಒತ್ತಿ ಒತ್ತಿ ನೋಡಿದ್ರು. ಎಲ್ಲಾ ಕಡೆ ತೆಳ್ಳಗಾಗಿದ್ರ ತೇಪಿ ಹಚ್ಚಿ ಉಪಯೋಗಿಲ್ಲ, ಇನ್ನೊಂದು ಕಡೆ ಒಡೀತದ. ನಮ್ಮದು ಒಂದ ಕಡೆ ಸವದಿತ್ತು.

ಹಿತ್ತಾಳಿ ಬೆಸಗಿನ ಹಾಕಿಸಿದೆ. ದಿನಾ ಜಳಕಕ್ಕ ಗೀಸರ್ ಇರಲಿ, ಬ್ಯಾಡ ಅನ್ನಂಗಿಲ್ಲ. ತೂಕಕ್ಕ ಹಾಕಿದ್ರ ತಾಮ್ರದ ರೊಕ್ಕ ಬರತದ, ಕಂಠದ ಮ್ಯಾಲಿನ ಹೆಸರು ಕರಗಿ ಹೋಗತದ. ಮಾಘ ಮಾಸದಾಗ ಮಗಳು ಬಾಣಂತನಕ್ಕ ಬರ್ತಾಳ. ನಿಮ್ಮ ಮನ್ಯಾಗೂ ಹಂಡೆ ಸೋರ್ತಿದ್ರ ಮೊದಲ ಬುಡ ಒತ್ತಿಸಿ ನೋಡ್ರಿ, ಆಮ್ಯಾಲ ತಕ್ಕಡಿಗೆ ಇಡ್ರಿ.