ಹೆಸರು ಹೇಳಿದರೆ ಬದುಕು: ಕೆಮೆತ್ ನಾಡಿನ ಮಾತಿನ ಮಹಿಮೆ

ಎಂಟನೇ ತರಗತಿಯಲ್ಲಿ ಓದಿದ ಈಜಿಪ್ಟ್ ಪಾಠದಿಂದ ನನಗೆ ನೆನಪಿದ್ದದ್ದು ಪಿರಮಿಡ್, ಮಮ್ಮಿ ಮತ್ತು ನೈಲ್ ನದಿ ಮಾತ್ರ. ಆ ಗೋಡೆಗಳ ಮೇಲೆ ಅಷ್ಟೊಂದು ಬರೆದದ್ದೇಕೆ ಎಂದು ತಿಳಿದದ್ದು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

ಪ್ರಾಚೀನ ಈಜಿಪ್ಟಿನವರು ತಮ್ಮ ನಾಡನ್ನು ಕೆಮೆತ್, ಅಂದರೆ ಕಪ್ಪು ನೆಲ ಎಂದು ಕರೆಯುತ್ತಿದ್ದರು. ನೈಲ್ ನದಿಯ ಮೆಕ್ಕಲು ಮಣ್ಣಿನಿಂದ ಬಂದ ಹೆಸರು ಅದು. ತಮ್ಮ ಚಿತ್ರಲಿಪಿಯನ್ನು ಅವರು ‘ದೇವರ ಮಾತು’ ಎನ್ನುತ್ತಿದ್ದರು. ಬರವಣಿಗೆಗೆ ಥೋತ್ ಎಂಬ ದೇವರೇ ಇದ್ದನು. ಮಂತ್ರವನ್ನು ಫಲಿಸುವಂತೆ ಮಾಡುವ ಶಕ್ತಿಗೆ ‘ಹೆಕ’ ಎಂದು ಹೆಸರು.

ಮೆಂಫಿಸ್ ನಗರದ ದೇವರು ಪ್ತಾಹ. ಅವನು ಹೃದಯದಲ್ಲಿ ನೆನೆದು, ನಾಲಿಗೆಯಿಂದ ನುಡಿದು ಜಗತ್ತನ್ನು ಸೃಷ್ಟಿಸಿದನೆಂದು ಅಲ್ಲಿಯವರ ನಂಬಿಕೆ. ಸುಮಾರು 2,700 ವರ್ಷಗಳ ಹಿಂದೆ ಶಬಾಕ ಎಂಬ ರಾಜ ಇದನ್ನು ಕಲ್ಲಿನಲ್ಲಿ ಕೆತ್ತಿಸಿದ. ಹುಳು ತಿಂದ ಹಳೆಯ ಗ್ರಂಥವನ್ನು ಉಳಿಸಲು ಹೀಗೆ ಮಾಡಿದೆನೆಂದು ಅದರಲ್ಲೇ ಹೇಳಿಕೊಂಡಿದ್ದಾನೆ. ಮುಂದೆ ಯಾರೋ ಆ ಕಲ್ಲನ್ನು ನಡುವೆ ಕೊರೆದು ಬೇರೆ ಕೆಲಸಕ್ಕೆ ಬಳಸಿದ್ದರಿಂದ ಅನೇಕ ಸಾಲುಗಳು ಅಳಿದುಹೋಗಿವೆ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮಾತಿಗೆ ಇಷ್ಟು ಶಕ್ತಿಯಿದ್ದರೆ ಅದರ ಭಯವೂ ಇರಬೇಕಲ್ಲವೇ? ಶತ್ರುಗಳ ಹೆಸರನ್ನು ಮಡಕೆಯ ಮೇಲೆ ಬರೆದು ಒಡೆಯುತ್ತಿದ್ದರು. ಕೆಲವು ಗೋರಿಗಳಲ್ಲಿ ಹಾವಿನ ಅಕ್ಷರ ಸತ್ತವನನ್ನು ಕಚ್ಚೀತೆಂದು ಅದನ್ನು ತುಂಡಾಗಿ ಬರೆದಿದ್ದಾರೆ. ಹೆಸರೂ ದೇಹದಂತೆ ಮನುಷ್ಯನ ಒಂದು ಭಾಗ, ಹೆಸರು ಅಳಿದರೆ ಆತನೂ ಅಳಿದಂತೆ. ಅಖೆನಾತೆನ್ ಎಂಬ ರಾಜ ಅಮುನ್ ದೇವರ ಹೆಸರನ್ನು ಕೆತ್ತಿ ತೆಗೆಸಿದ. ಅವನು ಸತ್ತ ಮೇಲೆ ಅವನ ಹೆಸರಿಗೂ ಅದೇ ಗತಿಯಾಯಿತು.

ಹಾಗಾಗಿಯೇ ಎಷ್ಟೋ ಗೋರಿಗಳಲ್ಲಿ ದಾರಿಹೋಕರಿಗೆ ಒಂದು ವಿನಂತಿ ಇದೆ: ನನ್ನ ಹೆಸರು ಹೇಳಿ, ನನಗೆ ರೊಟ್ಟಿ, ಪಾನೀಯ ಸಿಗಲೆಂದು ಅನ್ನಿ. ನಿಮಗೆ ಖರ್ಚಾಗುವುದು ಬಾಯಿಯ ಉಸಿರು ಮಾತ್ರ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಹಾಜರಿ ಪುಸ್ತಕ. ಹತ್ತನೇ ತರಗತಿಯಲ್ಲಿ ನಮ್ಮ ಗೆಳೆಯನೊಬ್ಬ ಕೆರೆಯಲ್ಲಿ ಮುಳುಗಿ ತೀರಿಕೊಂಡ. ಮರುವಾರ ಮೇಷ್ಟ್ರು ರೂಢಿಯಂತೆ ಅವನ ಹೆಸರನ್ನೂ ಕರೆದುಬಿಟ್ಟರು. ಇಡೀ ತರಗತಿ ಸುಮ್ಮನಿತ್ತು. ಮುಂದಿನ ಹೆಸರು ಕರೆಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ಯಾರಿಗೂ ನೋವಾಗದಿರಲೆಂದು ನಾವು ಅವನ ಹೆಸರೆತ್ತುವುದನ್ನೇ ಬಿಟ್ಟೆವು. ಕೆಮೆತ್‌ನವರ ಲೆಕ್ಕದಲ್ಲಿ ನಾವು ಮಾಡಿದ್ದು ತಪ್ಪು.

ಹಳೆಯ ವಿದ್ಯಾರ್ಥಿಯಾಗಿ ನನ್ನದೊಂದು ಮನವಿ. ಸುವರ್ಣ ಮಹೋತ್ಸವದ ದಿನ ಒಮ್ಮೆ ಹಳೆಯ ಹಾಜರಿ ಕರೆಯೋಣ. ನಮ್ಮನ್ನು ಅಗಲಿದ ಗುರುಗಳ, ಗೆಳೆಯರ ಹೆಸರುಗಳನ್ನೂ ಸೇರಿಸಿ ಕರೆಯೋಣ. ಅವರ ಪರವಾಗಿ ನಾವೇ ‘ಹಾಜರ್ ಸಾರ್’ ಎನ್ನೋಣ.